ಮಗ ‘ಮೇಳಕ್ಕೆ ಹೋಗ್ತೇನೆ’ ಅಂದರೆ? ಬೈಯುವ ಮೊದಲು ಹಾಕಬೇಕಾದ ಲೆಕ್ಕ

ಕುಂದಾಪುರ: ಹತ್ತನಾವಧಿ ಕಳೆಯಿತು. ಮೇಳಗಳು ಗೆಜ್ಜೆ ಬಿಚ್ಚಿವೆ, ವೇಷದ ಪೆಟ್ಟಿಗೆಗಳು ದೇವಸ್ಥಾನ ಸೇರಿವೆ. ಇನ್ನು ದೀಪಾವಳಿ ಕಳೆಯುವವರೆಗೆ ಬಯಲಲ್ಲಿ ಚಂಡೆ ಸದ್ದಿಲ್ಲ. ಆದರೆ ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ, ಯಾರಿಗೆ ಯಾವ ವೇಷ ಎಂಬ ಮಾತುಕತೆ ನಡೆಯುವುದು ಈ ಮಳೆಗಾಲದಲ್ಲೇ. ಹಾಗಾಗಿ ನಮ್ಮ ತಾಲೂಕಿನ ಕೆಲವು ಮನೆಗಳಲ್ಲಿ ಜಗಳ ಶುರುವಾಗುವುದೂ ಈಗಲೇ.

ಹೋದ ವಾರ ನಾನು ಸಾಮಾನು ತರಲು ಹೋಗುವ ಜಿನಸಿ ಅಂಗಡಿಯಲ್ಲಿ ಇದೇ ಆಗಿತ್ತು. ಅಂಗಡಿಯವರ ಮಗ, ಇಪ್ಪತ್ತರ ಮಾಣಿ, ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದವ, ರಜೆಗೆ ಬಂದವ ವಾಪಸ್ ಹೋಗುವುದಿಲ್ಲ ಅಂದಿದ್ದಾನೆ. ಶಾಲೆಯಲ್ಲಿದ್ದಾಗಲೇ ಕುಣಿತ ಕಲಿತವ. ‘ಅಲ್ಲಿ ಕೂತ್ರೂ ಕಿವಿಯಗೆ ಚಂಡೆಯೇ ಕೇಂತ್’ ಅನ್ನುತ್ತಾನೆ. ಮೇಳಕ್ಕೆ ಸೇರಬೇಕಂತೆ.

ಅಪ್ಪ ನನ್ನನ್ನು ಕರೆದು ಹೇಳಿದ್ದು: ‘ಹ್ವಾಯ್, ನೀ ಕಾಲೇಜ್ ಬಿಟ್ಟವ. ಅವ್ನಿಗೆ ಬುದ್ಧಿ ಹೇಳುಕೆ ನೀನೇ ಸರಿ. ಆಟ ಆರ್ ತಿಂಗ್ಳ್, ಹೊಟ್ಟಿ ಹನ್ನೆರ್ಡ್ ತಿಂಗ್ಳ್. ಅದೊಂದ್ ಲೆಕ್ಕ ಹೇಳ್ ಕಾಂಬ.’

ಬುದ್ಧಿ ಹೇಳುವಷ್ಟು ದೊಡ್ಡವ ನಾನಲ್ಲ. ಡಿಗ್ರಿ ಎರಡನೇ ವರ್ಷದಲ್ಲಿ ಬಿಟ್ಟು ಈ ಸುದ್ದಿ ಕೆಲಸಕ್ಕೆ ಬಂದವ. ಬರೆದ ಸುದ್ದಿಗೆ ದುಡ್ಡು, ತಿಂಗಳ ಸಂಬಳ ಅಂತ ಇಲ್ಲ. ಆದರೆ ಅವರು ಕೇಳಿದ ಲೆಕ್ಕ ಸರಿಯಾದದ್ದು ಅನ್ನಿಸಿತು. ‘ಹೋಗು’, ‘ಹೋಗಬೇಡ’ ಎಂಬ ಎರಡು ಮಾತು ಬಿಟ್ಟರೆ ಈ ವಿಷಯದಲ್ಲಿ ಮನೆಗಳಲ್ಲಿ ಬೇರೇನೂ ಮಾತು ಆಗುವುದಿಲ್ಲ. ಹಾಗಾಗಿ ಮೇಳದ ಬದುಕಿನ ಹಣದ ಕಡೆ ಹೇಗಿರ್ತದೆ, ಯಾವುದನ್ನು ಮೊದಲೇ ನೋಡಿಕೊಳ್ಳಬೇಕು ಎಂದು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೇಳದ ವರ್ಷ ಹೇಗೆ ನಡೆಯುತ್ತದೆ?

ದೀಪಾವಳಿ ಕಳೆದು, ನವೆಂಬರ್-ಡಿಸೆಂಬರ್ ಹೊತ್ತಿಗೆ ಮೇಳಗಳು ಹೊರಡುತ್ತವೆ. ಮೊದಲ ಸೇವೆಯಾಟ ದೇವಸ್ಥಾನದ ಎದುರು. ಆಮೇಲೆ ದಿನಕ್ಕೊಂದು ಊರು. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24-25ರ ಹೊತ್ತಿಗೆ ಹತ್ತನಾವಧಿ, ತುಳುವಿನಲ್ಲಿ ಪತ್ತನಾಜೆ. ಅಲ್ಲಿಗೆ ತಿರುಗಾಟ ಮುಗಿಯಿತು.

ಮೇಳಗಳಲ್ಲಿ ಎರಡು ಬಗೆ. ಒಂದು ಹರಕೆ ಬಯಲಾಟದ ಮೇಳ. ಮಂದಾರ್ತಿ, ಮಾರಣಕಟ್ಟೆ, ಕಟೀಲು ಈ ಸಾಲಿನವು. ಮಂದಾರ್ತಿಯಿಂದಲೇ ಐದು ಮೇಳ ಹೊರಡುತ್ತವೆ. ಭಕ್ತರು ಹರಕೆ ಹೊತ್ತು ಆಡಿಸುವ ಆಟ ಇದು. ಇಂಥ ಮೇಳಗಳ ಆಟ ಸಿಗಲು ವರ್ಷಗಟ್ಟಲೆ ಮುಂಚೆ ಹೆಸರು ಬರೆಸಬೇಕು. ಅಂದರೆ ಇಲ್ಲಿ ಆಟ ಇಲ್ಲದ ದಿನ ಬಹಳ ಕಡಿಮೆ.

ಇನ್ನೊಂದು ಡೇರೆ ಮೇಳ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಈ ಹೆಸರಿನಿಂದ ಪ್ರಸಿದ್ಧ. ಟಿಕೆಟ್ ಇಟ್ಟು, ಹೊಸ ಹೊಸ ಪ್ರಸಂಗ ಕಟ್ಟಿ ಆಡುವುದು ಇಲ್ಲಿಯ ಪದ್ಧತಿ. ಹೆಸರು ಬೇಗ ಆಗ್ತದೆ. ಆದರೆ ಜನ ಬಂದರೆ ಮಾತ್ರ ದುಡ್ಡು.

ಅಂಗಡಿಯವರಿಗೆ ಇದು ಸುಲಭವಾಗಿ ಅರ್ಥವಾದೀತು. ಮೊದಲನೆಯದು ಆರ್ಡರ್ ಬಂದ ಮೇಲೆ ಸಾಮಾನು ತರಿಸುವ ವ್ಯಾಪಾರ. ಎರಡನೆಯದು ಸಾಮಾನು ತಂದಿಟ್ಟು ಗಿರಾಕಿಗೆ ಕಾಯುವ ವ್ಯಾಪಾರ. ಮಾಣಿ ‘ಮೇಳಕ್ಕೆ ಹೋಗ್ತೇನೆ’ ಅಂದಾಗ ಮೊದಲು ಕೇಳಬೇಕಾದ್ದು ಯಾವ ಬಗೆಯ ಮೇಳ ಅಂತ.

ಆರು ತಿಂಗಳ ಸಂಬಳ ಹನ್ನೆರಡು ತಿಂಗಳಿಗೆ ಸಾಕೇ?

ಸಂಬಳ ಮೇಳದಿಂದ ಮೇಳಕ್ಕೆ, ವೇಷದಿಂದ ವೇಷಕ್ಕೆ ಬೇರೆ. ತಿಂಗಳ ಲೆಕ್ಕ, ತಿರುಗಾಟದ ಒಟ್ಟು ಲೆಕ್ಕ, ಆಟಕ್ಕಿಷ್ಟು ಎಂಬ ಲೆಕ್ಕ, ಹೀಗೆ ನಾನಾ ರೀತಿ ಮಾತಾಗುತ್ತದೆ. ಇಲ್ಲಿ ಕೊಡುವ ಅಂಕೆಗಳು ಯಾವ ಮೇಳದ್ದೂ ಅಲ್ಲ, ಲೆಕ್ಕ ಮಾಡುವ ಕ್ರಮ ತೋರಿಸಲಿಕ್ಕೆ ಮಾತ್ರ. ನಿಮ್ಮ ಅಂಕೆ ಹಾಕಿ ನೋಡಿ.

ಮೇಳದಲ್ಲಿ ತಿಂಗಳಿಗೆ 24,000 ರೂ. ಅಂತ ಇಟ್ಟುಕೊಳ್ಳಿ. ಕೇಳಲು ಚೆಂದ. ಆದರೆ ಅದು ಆರು ತಿಂಗಳಿಗೆ. 24,000 × 6 = 1,44,000. ಇದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 12,000. ನಿಜವಾದ ಸಂಬಳ ಅದು.

ಬೆಂಗಳೂರಿನ ಕೆಲಸದಲ್ಲಿ ತಿಂಗಳಿಗೆ 16,000 ಅಂತ ಇಡಿ. ವರ್ಷಕ್ಕೆ 1,92,000. ಮೇಲ್ನೋಟಕ್ಕೆ ಕೆಲಸವೇ ಗೆದ್ದಿತು. ಆದರೆ ಅಲ್ಲಿ ರೂಮು, ಊಟ, ಬಸ್ಸು ಅಂತ ತಿಂಗಳಿಗೆ 8,000 ಹೋದರೆ ಉಳಿಯುವುದು ವರ್ಷಕ್ಕೆ 96,000.

ಮೇಳದಲ್ಲಿ ತಿರುಗಾಟದ ದಿನಗಳ ಊಟ ಅಲ್ಲೇ ಆಗ್ತದೆ. ಪೆಟ್ರೋಲು, ಮೊಬೈಲು, ಕೈಖರ್ಚು ಅಂತ ತಿಂಗಳಿಗೆ 4,000 ಇಟ್ಟರೂ ವರ್ಷಕ್ಕೆ 48,000. ಉಳಿದದ್ದು ಅದೇ 96,000. ಎರಡೂ ಸಮ.

ಹಾಗಂತ ಮಾಣಿ ಗೆದ್ದ ಅಂತಲ್ಲ. ಈ ಲೆಕ್ಕದಲ್ಲಿ ಮೂರು ಸಂಗತಿ ಬಿಟ್ಟುಹೋಗಿದೆ.

ಒಂದು, ಮಳೆಗಾಲದ ಆರು ತಿಂಗಳ ಅನ್ನ. ಅದು ಅಪ್ಪನ ಮನೆಯದ್ದು. ಯಾರೂ ಬರೆದಿಡುವುದಿಲ್ಲ, ಆದರೆ ಖರ್ಚು ಖರ್ಚೇ.

ಎರಡು, ಕಂಪನಿ ಕೆಲಸದಲ್ಲಿ ಕೈಗೆ ಬಾರದ ಸಂಬಳ ಒಂದಿರ್ತದೆ. ಪಿಎಫ್ ಇದ್ದಲ್ಲಿ ನೌಕರನ ಪಾಲು 12 ಶೇಕಡ, ಅಷ್ಟೇ ಪಾಲು ಕಂಪನಿಯದ್ದು. ತಿಂಗಳಿಗೆ 21,000 ರೂ.ವರೆಗೆ ಸಂಬಳ ಇದ್ದವರಿಗೆ ಇಎಸ್‌ಐ ಆಸ್ಪತ್ರೆ ಸೌಲಭ್ಯ. ಮೇಳಕ್ಕೆ ಹೋಗುವವ ಇದನ್ನು ತಾನೇ ಕಟ್ಟಿಕೊಳ್ಳಬೇಕು. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೂರು, ಹೊಸಬನ ಸಂಬಳ. ಮೊದಲ ವರ್ಷದವನಿಗೂ ಹತ್ತು ತಿರುಗಾಟ ಮಾಡಿದವನಿಗೂ ಒಂದೇ ದುಡ್ಡಲ್ಲ. ಆರಂಭದ ಒಂದೆರಡು ವರ್ಷ ಲೆಕ್ಕ ಸಮ ಆಗುವುದು ಕಷ್ಟವೇ.

ಹೆಸರು ಬರಲು ಎಷ್ಟು ವರ್ಷ?

ಇದಕ್ಕೆ ಉತ್ತರ ಯಾರೂ ಕೊಡಲಾರರು. ಆದರೆ ಮೆಟ್ಟಿಲು ಇರುವುದು ಗೊತ್ತು. ಕೋಡಂಗಿ, ಬಾಲಗೋಪಾಲ, ಒಡ್ಡೋಲಗದ ಸಣ್ಣ ವೇಷಗಳಿಂದ ಶುರು. ರಾತ್ರಿ ಆಟ ಮುಗಿಯುವವರೆಗೆ ಚೌಕಿಯಲ್ಲಿ ಕೂತು ದೊಡ್ಡವರು ಹೇಗೆ ಬಣ್ಣ ಹಾಕ್ತಾರೆ, ಹೇಗೆ ಅರ್ಥ ಹೇಳ್ತಾರೆ ಅಂತ ನೋಡುವುದೂ ಕಲಿಕೆಯೇ. ಪುಂಡುವೇಷ, ಸ್ತ್ರೀವೇಷ, ಎರಡನೇ ವೇಷ, ಬಣ್ಣದ ವೇಷ, ಹಾಸ್ಯ, ಇದರಲ್ಲಿ ಯಾವುದು ತನಗೆ ಒಗ್ಗುತ್ತದೆ ಎಂದು ತಿಳಿಯಲೇ ಒಂದೆರಡು ತಿರುಗಾಟ ಬೇಕು. ಭಾಗವತಿಕೆ, ಮದ್ದಳೆ, ಚಂಡೆ ಕಲಿಯುವವರ ದಾರಿ ಬೇರೆ.

ಮನೆಯಲ್ಲಿ ವಾದ ಆಗುವಾಗ ಮಕ್ಕಳು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ಹೇಳುವುದುಂಟು. ಹೊನ್ನಾವರದ ಕಡೆಯಿಂದ ಬಂದು, ಎಂಬತ್ತರ ಹತ್ತಿರದಲ್ಲೂ ಕುಣಿದು, 2012ರಲ್ಲಿ ಪದ್ಮಶ್ರೀ ಪಡೆದವರು. ನಿಜ. ಆದರೆ ಚಿಟ್ಟಾಣಿಯವರನ್ನು ಇಟ್ಟುಕೊಂಡು ಮನೆ ಖರ್ಚಿನ ಲೆಕ್ಕ ಹಾಕಬಾರದು. ಒಂದು ಮೇಳದಲ್ಲಿ ಹತ್ತಾರು ಜನ ಕಲಾವಿದರಿರ್ತಾರೆ. ಬ್ಯಾನರಿನಲ್ಲಿ ಫೋಟೋ ಬರುವುದು ನಾಲ್ಕೈದು ಜನರದ್ದು. ಲೆಕ್ಕ ಹಾಕಬೇಕಾದ್ದು ಫೋಟೋ ಇಲ್ಲದವರನ್ನು ಇಟ್ಟುಕೊಂಡು. ಆ ಸಂಬಳದಲ್ಲೂ ಬದುಕಬಹುದು ಅಂತ ಆದರೆ ಮಾತ್ರ ಮುಂದುವರಿಯಬಹುದು.

ಕಲಿಕೆಗೆ ಜಾಗಗಳಿವೆ. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ ಇದೆ. ಅಲ್ಲಿ ಮಕ್ಕಳು ಗುರುಕುಲದ ಹಾಗೆ ಉಳಿದು, ಹಗಲು ಶಾಲೆಗೂ ಹೋಗಿ, ಯಕ್ಷಗಾನ ಕಲಿಯುತ್ತಾರೆ. ಧರ್ಮಸ್ಥಳದ ಲಲಿತಕಲಾ ಕೇಂದ್ರದಲ್ಲಿ ಕಲಿತ ಅನೇಕರು ತೆಂಕಿನ ಮೇಳಗಳಲ್ಲಿದ್ದಾರೆ. ಗುಣವಂತೆಯಲ್ಲಿ ಕೆರೆಮನೆಯವರ ಶ್ರೀಮಯ ಕೇಂದ್ರವಿದೆ. ಶಾಲಾ ವಾರ್ಷಿಕೋತ್ಸವದಲ್ಲಿ ಕುಣಿದದ್ದಕ್ಕೂ ಮೇಳದಲ್ಲಿ ರಾತ್ರಿಯಿಡೀ ನಿಲ್ಲುವುದಕ್ಕೂ ವ್ಯತ್ಯಾಸ ಬಹಳ. ಕೆಲಸ ಬಿಡುವ ಮೊದಲೇ ಒಬ್ಬ ಗುರುವಿನ ಹತ್ತಿರ ಹೋಗಿ, ‘ನಾನು ಮೇಳಕ್ಕೆ ಆಗ್ತೇನಾ?’ ಅಂತ ಕೇಳುವುದು ಒಳ್ಳೆಯದು. ಅಪ್ಪ-ಅಮ್ಮನ ಹೊಗಳಿಕೆ, ವಾಟ್ಸ್‌ಆ್ಯಪ್ ಲೈಕು ಇಲ್ಲಿ ಲೆಕ್ಕಕ್ಕಿಲ್ಲ.

ಮಳೆಗಾಲದಲ್ಲಿ ಕಲಾವಿದರು ಏನು ಮಾಡ್ತಾರೆ?

ಸುಮ್ಮನೆ ಕೂರುವವರು ಕಡಿಮೆ. ಸಂಜೆ ಹೊತ್ತು ಎರಡು ವೇಷ, ಒಬ್ಬ ಭಾಗವತ, ಚಂಡೆ-ಮದ್ದಳೆ ಇಟ್ಟುಕೊಂಡು ಮನೆಮನೆಗೆ ಹೋಗುವ ಚಿಕ್ಕ ಮೇಳಗಳು ಈಗ ನಿಮ್ಮ ಬೀದಿಗೂ ಬಂದಿರಬಹುದು. ತಾಳಮದ್ದಳೆ ಕೂಟ, ಸಪ್ತಾಹಗಳು ಮಳೆಗಾಲದಲ್ಲೇ ಹೆಚ್ಚು. ಬೆಂಗಳೂರು, ಮುಂಬೈಯಲ್ಲಿರುವ ನಮ್ಮೂರಿನವರು ತಂಡಗಳನ್ನು ಕರೆಸಿಕೊಳ್ಳುತ್ತಾರೆ. ಗಾನ ವೈಭವ, ನಾಟ್ಯ ವೈಭವ ಅಂತ ಸಣ್ಣ ಕಾರ್ಯಕ್ರಮಗಳಿವೆ.

ಇದಕ್ಕಿಂತ ಭರವಸೆಯದ್ದು ಕಲಿಸುವ ಕೆಲಸ. ಉಡುಪಿ ಸೀಮೆಯ ಎಷ್ಟೋ ಪ್ರೌಢಶಾಲೆಗಳಲ್ಲಿ ಈಗ ಯಕ್ಷಗಾನ ತರಗತಿ ನಡೆಯುತ್ತದೆ. ಹೆಣ್ಣುಮಕ್ಕಳೂ ತುಂಬಾ ಜನ ಕಲಿಯುತ್ತಿದ್ದಾರೆ. ಕುಣಿತದ ಜತೆ ಕಲಿಸಲೂ ಬಂದರೆ, ಬಣ್ಣ ಹಾಕಲು, ವೇಷ ಕಟ್ಟಲು ಬಂದರೆ, ಮಳೆಗಾಲಕ್ಕೆ ಒಂದು ದಾರಿ ಆದ ಹಾಗೆ.

ಉಳಿದಂತೆ ತೋಟದ ಕೆಲಸ, ಅಡುಗೆ ಕೆಲಸ, ಅಂಗಡಿ ಕೆಲಸ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮದ್ದಳೆಗೆ ದೊಡ್ಡ ಹೆಸರಾಗಿದ್ದ, ನೂರು ವರ್ಷ ಬಾಳಿದ ಹಿರಿಯಡಕ ಗೋಪಾಲ ರಾಯರು ನಾಟಿ ವೈದ್ಯರೂ ಆಗಿದ್ದರು. ಎರಡನೇ ಕಸುಬು ಇದ್ದ ಮಾತ್ರಕ್ಕೆ ಮದ್ದಳೆ ಸಣ್ಣದಾಗಲಿಲ್ಲ.

ಅಂಗಡಿಯವರ ಮಗನಿಗೆ ನಾನು ಕೇಳಿದ ಪ್ರಶ್ನೆ ಇದೇ: ‘ಜೂನಿಂದ ಅಕ್ಟೋಬರ್‌ವರೆಗೆ ಎಂತ ಮಾಡ್ತಿ?’ ಅವನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು ಬಂದು ಹೇಳಿದ, ‘ಅಂಗಡಿಯಗೆ ಕೂಕಂತೆ. ಈಗಲೂ ಚೌತಿ ಸಮಯ ಅಪ್ಪಯ್ಯ ಒಬ್ರಿಗೇ ಆತಿಲ್ಲೆ ಅಲ್ದಾ?’ ಮೊದಲ ಸಲ ಅಪ್ಪ ಬೈಯದೆ ಕೇಳಿದರು.

ಕೆಲಸ ಬಿಡದೆ ವೇಷ ಹಾಕಲು ಆಗುವುದಿಲ್ಲವೇ?

ಆಗ್ತದೆ, ಮಾಡುವವರು ಬಹಳ ಇದ್ದಾರೆ. ಶಿಕ್ಷಕರು, ಬ್ಯಾಂಕಿನವರು, ಅಂಗಡಿಯವರು ಹವ್ಯಾಸಿ ಸಂಘಗಳಲ್ಲಿ ವೇಷ ಮಾಡುತ್ತಾರೆ. ತಾಳಮದ್ದಳೆಯಲ್ಲಂತೂ ಈ ದಾರಿ ಹಳೆಯದು. ಡಾ. ಎಂ. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಅರ್ಥಧಾರಿಯಾಗಿ, ವಿದ್ವಾಂಸರಾಗಿ ಹೆಸರು ಮಾಡಿದವರು. ಕಾಲಮಿತಿ ಆಟಗಳು ಬಂದ ಮೇಲೆ ನಡುರಾತ್ರಿಯೊಳಗೆ ಮನೆ ಸೇರುವುದೂ ಸಾಧ್ಯವಾಗಿದೆ.

ಆದರೆ ಇದು ಊರಿನ ಹತ್ತಿರ ಕೆಲಸ ಇದ್ದವರಿಗೆ. ಬೆಂಗಳೂರಿನಲ್ಲಿ ಪಾಳಿ ಕೆಲಸ ಮಾಡುವವನಿಗೆ ಆಗುವುದಿಲ್ಲ. ಆರು ತಿಂಗಳು ದಿನಾ ವೇಷ ಹಾಕಿದವನ ಪಳಗುವಿಕೆ ವಾರಕ್ಕೊಂದು ಆಟದಲ್ಲಿ ಬರುವುದೂ ಇಲ್ಲ. ಹಾಗಾಗಿ ನಡುವಿನ ದಾರಿ ಅಂದರೆ, ಊರಿಗೆ ಬಂದು ಕಡಿಮೆ ಸಂಬಳದ ಕೆಲಸವಾದರೂ ಹಿಡಿದು, ಒಂದು ವರ್ಷ ಹವ್ಯಾಸಿ ತಂಡದಲ್ಲಿ ಪರೀಕ್ಷೆ ಮಾಡಿ ನೋಡುವುದು. ಇಪ್ಪತ್ತು ವರ್ಷದವನಿಗೆ ಒಂದು ವರ್ಷ ದೊಡ್ಡ ನಷ್ಟವಲ್ಲ.

ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಬದಲಿಗೆ ಏನು?

ಮೇಳದ ಬದುಕಿನಲ್ಲಿ ದೊಡ್ಡ ಅಪಾಯ ರಸ್ತೆ. ಆಟ ಮುಗಿಸಿ, ನಿದ್ದೆಗಣ್ಣಿನಲ್ಲಿ ಬೈಕು ಹತ್ತಿ ಮನೆಗೆ ಹೊರಡುವವರು ಎಷ್ಟೋ ಜನ. ಎರಡನೆಯದು ದೇಹ. ದಿಗಿಣ ಹಾಕಿ ಹಾಕಿ ಮಂಡಿ ಸವೆಯುತ್ತದೆ, ನಿದ್ದೆ ಕೆಡುತ್ತದೆ, ಸ್ವರ ಹೋಗುತ್ತದೆ. ಮೂರನೆಯದು ಯಾರ ಕೈಯಲ್ಲೂ ಇಲ್ಲದ್ದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ತಿರುಗಾಟ ಮುಗಿಯಲು ಇನ್ನೂ ಎರಡು ತಿಂಗಳಿತ್ತು. 2021ರ ಏಪ್ರಿಲ್‌ನಲ್ಲೂ ಹಾಗೇ ಅರ್ಧಕ್ಕೆ ನಿಂತಿತು. ದುಡಿಯುವ ತಿಂಗಳಲ್ಲೇ ದುಡಿಮೆ ಹೋದರೆ ಏನಾಗ್ತದೆ ಎಂದು ಆ ಎರಡು ವರ್ಷ ಕಲಿಸಿದೆ.

ಸಣ್ಣ ದುಡ್ಡಿನಲ್ಲಿ ಮಾಡಿಕೊಳ್ಳಬಹುದಾದ ಕೆಲವು:

• ಪ್ರಧಾನಮಂತ್ರಿ ಸುರಕ್ಷಾ ಬಿಮಾ: ವರ್ಷಕ್ಕೆ 20 ರೂ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. 18ರಿಂದ 70 ವರ್ಷದವರಿಗೆ.

• ಜೀವನಜ್ಯೋತಿ ಬಿಮಾ: ವರ್ಷಕ್ಕೆ 436 ರೂ. ಯಾವ ಕಾರಣದಿಂದ ಸತ್ತರೂ 2 ಲಕ್ಷ. ಸೇರಲು 18ರಿಂದ 50 ವರ್ಷ. ಈ ಎರಡೂ ಜೂನ್ 1ರಿಂದ ಮೇ 31ರವರೆಗಿನ ಲೆಕ್ಕ. ಹಣ ಖಾತೆಯಿಂದ ಕಡಿತವಾಗುವುದು ಮೇ ಕೊನೆಯಲ್ಲಿ, ಸರಿಯಾಗಿ ಹತ್ತನಾವಧಿ ಹೊತ್ತಿಗೆ. ಆಗ ಖಾತೆ ಖಾಲಿ ಇರಬಾರದು.

• ಅಟಲ್ ಪಿಂಚಣಿ: 18ರಿಂದ 40 ವರ್ಷದವರು ಸೇರಬಹುದು, ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. 60 ಆದ ಮೇಲೆ ತಿಂಗಳಿಗೆ 1,000ದಿಂದ 5,000ದವರೆಗೆ ಪಿಂಚಣಿ. 5,000 ಬೇಕಾದರೆ 20ನೇ ವರ್ಷದಲ್ಲಿ ಸೇರಿದವ ತಿಂಗಳಿಗೆ 248 ರೂ. ಕಟ್ಟಬೇಕು, 30ರಲ್ಲಿ ಸೇರಿದವ 577, 40ರಲ್ಲಿ ಸೇರಿದವ 1,454. ಆರು ತಿಂಗಳಿಗೊಮ್ಮೆ ಕಟ್ಟುವ ಅವಕಾಶವೂ ಇದೆ. ತಿರುಗಾಟದವರಿಗೆ ಅದೇ ಅನುಕೂಲ.

• ಪಿಪಿಎಫ್: ಅಂಚೆ ಕಚೇರಿಯಲ್ಲೂ ಆಗ್ತದೆ. ವರ್ಷಕ್ಕೆ ಕನಿಷ್ಠ 500 ರೂ. ಸಂಬಳ ಬಂದ ತಿಂಗಳು ಹಾಕಿ, ಇಲ್ಲದ ತಿಂಗಳು ಬಿಡಬಹುದು. ಅವಧಿ 15 ವರ್ಷ.

• ಆಯುಷ್ಮಾನ್ ಆರೋಗ್ಯ ಕಾರ್ಡು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ನೆರವು.

ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. 58 ವರ್ಷ ದಾಟಿರಬೇಕು, ಇಷ್ಟು ವರ್ಷ ಕಲಾವಿದನಾಗಿದ್ದೆ ಎಂಬುದಕ್ಕೆ ದಾಖಲೆ ಬೇಕು. ಇಲ್ಲಿಯೇ ಎಷ್ಟೋ ಹಿರಿಯರು ಸೋಲುವುದು. ನಲವತ್ತು ವರ್ಷ ವೇಷ ಮಾಡಿದ್ದಾರೆ, ಕೈಯಲ್ಲಿ ಒಂದು ಕಾಗದ ಇಲ್ಲ. ಮೊದಲ ತಿರುಗಾಟದಿಂದಲೇ ಕರಪತ್ರ, ಪತ್ರಿಕೆ ತುಣುಕು, ಸನ್ಮಾನ ಪತ್ರ ಒಂದು ಫೈಲಿನಲ್ಲಿ ಇಡಿ.

ಸಂಘ ಸಂಸ್ಥೆಗಳೂ ಕೈ ಹಿಡಿಯುತ್ತವೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಇದೆ. ಕಲಾವಿದರಿಗೆ ಮನೆ ಕಟ್ಟಿಸಿಕೊಡುವುದು, ಕಷ್ಟಕಾಲದಲ್ಲಿ ನೆರವಾಗುವುದು ಅವರ ಕೆಲಸಗಳಲ್ಲಿ ಕೆಲವು. ಭಾಗವತ ಪಟ್ಲ ಸತೀಶ್ ಶೆಟ್ಟಿಯವರು ಕಟ್ಟಿದ ಫೌಂಡೇಶನ್ ಕೂಡ ಕಲಾವಿದರಿಗಾಗಿ ಕೆಲಸ ಮಾಡುತ್ತಿದೆ. ಆದರೆ ನೆರವು ನೆರವೇ. ಅದನ್ನು ಸಂಬಳದ ಲೆಕ್ಕಕ್ಕೆ ಸೇರಿಸಬಾರದು.

ಮುಂಗಡ ತೆಗೆದುಕೊಳ್ಳುವ ಮೊದಲು

ಮಳೆಗಾಲದಲ್ಲಿ ಕೈ ಖಾಲಿಯಾದಾಗ ಮುಂದಿನ ತಿರುಗಾಟದ ಸಂಬಳದ ಮೇಲೆ ಮುಂಗಡ ಕೇಳುವವರಿದ್ದಾರೆ. ಆ ಹೊತ್ತಿಗೆ ಉಪಕಾರವೇ. ಆದರೆ ಮುಂಗಡ ಪೂರ್ತಿ ತೀರದಿದ್ದರೆ ಬೇರೆ ಮೇಳಕ್ಕೆ ಹೋಗುವ ಸ್ವಾತಂತ್ರ್ಯ ಹೋಗ್ತದೆ. ಮದುವೆ, ಮನೆ ರಿಪೇರಿ ಅಂತ ದೊಡ್ಡ ಮೊತ್ತ ಎತ್ತಿದವನಿಗೆ ಮುಂದಿನ ವರ್ಷದ ಸಂಬಳ ಕೈಗೆ ಸಿಗುವುದೇ ಇಲ್ಲ. ಸಂಬಳ ಎಷ್ಟು, ಯಾವಾಗ, ಆಟ ರದ್ದಾದರೆ ಏನು, ಹುಷಾರಿಲ್ಲದ ದಿನಕ್ಕೆ ಏನು ಎಂಬುದನ್ನು ಸೇರುವಾಗಲೇ ಬಾಯಿಬಿಟ್ಟು ಕೇಳಿ, ಆದರೆ ಬರೆಸಿಕೊಳ್ಳಿ. ಕೇಳಲು ಸಂಕೋಚ ಆದರೆ ಮಾವನನ್ನೋ ಚಿಕ್ಕಪ್ಪನನ್ನೋ ಜತೆಗೆ ಕರೆದುಕೊಂಡು ಹೋಗಿ.

ಇನ್ನೊಂದು. ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೂ ವರ್ಷಾ ವರ್ಷಾ ಐಟಿ ರಿಟರ್ನ್ಸ್ ಸಲ್ಲಿಸಿ. ಸ್ಯಾಲರಿ ಸ್ಲಿಪ್ ಇಲ್ಲದವನಿಗೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ತೋರಿಸಲು ಅದೇ ಕಾಗದ. ಅಂಗಡಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಅಂಗಡಿಯವರಿಗೆ ಒಂದು ಮಾತು

ಇಷ್ಟೆಲ್ಲ ಲೆಕ್ಕ ಮಾಡುವಾಗ ನನಗೆ ಒಂದು ವಿಷಯ ತಲೆಗೆ ಬಂತು. ತಿಂಗಳ ಸಂಬಳ ಇಲ್ಲದ ಬದುಕು ನಮ್ಮ ತಾಲೂಕಿಗೆ ಹೊಸತೇ? ಪೇಟೆಯ ಅರ್ಧ ಜನಕ್ಕೆ ಸಂಬಳ ಇಲ್ಲ. ಜವಳಿ ಅಂಗಡಿಗೆ ಮದುವೆ ಸೀಸನ್, ಪಟಾಕಿಗೆ ದೀಪಾವಳಿ, ಕೊಡೆಯವರಿಗೆ ಜೂನ್. ಮೀನುಗಾರರಿಗೂ ಮಳೆಗಾಲದಲ್ಲಿ ಟ್ರಾಲಿಂಗ್ ರಜೆ. ಇವರೆಲ್ಲ ಒಳ್ಳೆಯ ತಿಂಗಳ ದುಡ್ಡನ್ನು ಕೆಟ್ಟ ತಿಂಗಳಿಗೆ ಎತ್ತಿಟ್ಟು ಮಕ್ಕಳನ್ನು ಓದಿಸಿದವರೇ. ಆದರೆ ಮಗಳಿಗೆ ಗಂಡು ಹುಡುಕುವಾಗ, ‘ಮಾಣಿಗೆ ಸಂಬಳದ ಕೆಲಸ ಇತ್ತಾ?’ ಅಂತ ಕೇಳುವವರೂ ಇವರೇ.

ಕೇಳುವುದು ತಪ್ಪಲ್ಲ. ತಾವು ಪಟ್ಟ ಪಾಡು ಮಕ್ಕಳಿಗೆ ಬೇಡ ಎಂಬ ಆಸೆ ಅದು. ಆದರೆ ಏರುಪೇರಿನ ಆದಾಯದಲ್ಲಿ ಬದುಕುವುದು ಹೇಗೆ ಅಂತ ಮಕ್ಕಳಿಗೆ ಕಲಿಸಲು ಅವರಿಗಿಂತ ಒಳ್ಳೆಯ ಗುರು ಬೇರೆ ಯಾರು? ಮೇಳಕ್ಕೆ ಹೋಗುವ ಮಗನಿಗೆ ಕುಣಿತ ಗುರುಗಳು ಕಲಿಸ್ತಾರೆ. ಪುಸ್ತಕ ಬರೆಯುವುದನ್ನು ಅಪ್ಪನೇ ಕಲಿಸಬೇಕು.

ನಮ್ಮ ಜಿನಸಿ ಅಂಗಡಿಯವರಿಗೆ ಇದನ್ನೇ ಹೇಳಿದೆ. ಅವರು ಒಪ್ಪಿದರು ಅಂತ ಹೇಳಲಾರೆ. ಈಗಿನ ಮಾತು ಇಷ್ಟು: ಮಾಣಿ ಈ ಮಳೆಗಾಲ ಅಂಗಡಿಯಲ್ಲಿರುವುದು, ಸಂಜೆ ಗುರುಗಳ ಹತ್ತಿರ ಹೋಗುವುದು. ಗುರುಗಳು ಆಗ್ತದೆ ಅಂದರೆ ಎರಡು ತಿರುಗಾಟ ಹೋಗಿ ಬರುವುದು. ಎರಡು ತಿರುಗಾಟದ ಪೈಸೆ ಪೈಸೆ ಬರೆದಿಡಬೇಕು. ಎರಡನೇ ಹತ್ತನಾವಧಿಗೆ ಅಪ್ಪ-ಮಗ ಕೂತು ಪುಸ್ತಕ ನೋಡುವುದು. ಆಗ ಮಗನಿಗೆ ಇಪ್ಪತ್ತೆರಡು. ಕಂಪನಿ ಕೆಲಸಕ್ಕೆ ಹೋಗುವುದಾದರೂ ಹೊತ್ತು ಮೀರಿರುವುದಿಲ್ಲ.

ಅಮ್ಮ ಮಾತ್ರ ಇನ್ನೂ ಸುಮ್ಮನಿದ್ದಾರೆ. ನಾನು ಹೊರಡುವಾಗ ಅಂಗಡಿಯವರು ಕಪಾಟಿನಿಂದ ಉದ್ದದ ಒಂದು ಹೊಸ ಲೆಕ್ಕದ ಪುಸ್ತಕ ತೆಗೆದು ಮಗನ ಎದುರು ಇಟ್ಟರು. ‘ಇದ್ರ ದುಡ್ಡು ಎಪ್ಪತ್ತು ರೂಪಾಯಿ. ಮೊದಲ ಖರ್ಚು, ಬರ್ಕೊ’ ಅಂದರು.